ಹಳೆ ಕಾರ್ವೆಟ್ಟಿಗೊಂದು ಹೊಸ ಬ್ಯಾಲೆನ್ಸರ್

ನಮ್ಮ ವೃತ್ತಿಯಲ್ಲಿ ಬ್ಯಾಲೆನ್ಸರ್ ಅಂದ ಕೂಡಲೇ ತಲೆಗೆ ಬರುವುದು ಲೋಡ್ ಬ್ಯಾಲೆನ್ಸರ್. ಸಾವಿರಾರು ಜನ ಒಟ್ಟಿಗೆ ಆ್ಯಪ್ ತೆರೆದಾಗ ಅಷ್ಟೂ ಭಾರವನ್ನು ಒಂದೇ ಸರ್ವರಿನ ತಲೆಗೆ ಕಟ್ಟದೆ ಹಂಚುವ ಸಾಧನ. ಕಾರಿನ ಇಂಜಿನ್ನಿಗೂ ಒಂದು ಬ್ಯಾಲೆನ್ಸರ್ ಇದೆ, ಹಾರ್ಮೋನಿಕ್ ಬ್ಯಾಲೆನ್ಸರ್ ಅಂತ. ಅದು ಏನನ್ನೂ ಹಂಚುವುದಿಲ್ಲ. ತಮಾಷೆ ಏನಪ್ಪಾ ಅಂದ್ರೆ, ನನ್ನ ಕಾರಿನಲ್ಲಿ ಅದು ಏನನ್ನೂ ಬ್ಯಾಲೆನ್ಸ್ ಕೂಡ ಮಾಡುವುದಿಲ್ಲ. ಹೆಸರು ಮಾತ್ರ ಹಾಗೆ. ಈ ಚಳಿಗಾಲದಲ್ಲಿ ಅದನ್ನು ಬದಲಾಯಿಸಬೇಕಾಗಿ ಬಂತು. ಯಾವುದನ್ನು ಹಾಕಬೇಕು ಅಂತ ತೀರ್ಮಾನಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರದ ಲೆಕ್ಕಾಚಾರವೇ ಈ ಸಲದ ಅಂಕಣ.

ಕಾರು 2002ರ ಶೆವ್ರೊಲೆ ಕಾರ್ವೆಟ್. ಕಾರ್ವೆಟ್ ಹುಚ್ಚರ ಭಾಷೆಯಲ್ಲಿ ಸಿ5, ಅಂದರೆ ಐದನೇ ತಲೆಮಾರು. 1997ರಿಂದ 2004ರವರೆಗಿನ ಮಾಡೆಲ್‌ಗಳು ಇದರಲ್ಲಿ ಬರುತ್ತವೆ. ಕೆಂಟಕಿಯ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಒಳಗೆ 5.7 ಲೀಟರಿನ ಎಲ್‌ಎಸ್1 ಅನ್ನುವ ವಿ8 ಇಂಜಿನ್, 350 ಅಶ್ವಶಕ್ತಿ. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಮ್ಮೂರಲ್ಲಿ ಕೋಟಿ ರೂಪಾಯಿಯ ಲೆಕ್ಕ ಹಾಕ್ತಾರೆ. ಇಲ್ಲಿ ಡೆಟ್ರಾಯಿಟ್ ಕಡೆ ಇಪ್ಪತ್ತು ವರ್ಷ ಹಳೆಯ ಸಿ5, ಹೊಸ ಕ್ಯಾಮ್ರಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳುವುದು ಸುಲಭ. ಆಮೇಲೆ ಅದು ಕೇಳುವುದೇ ಬೇರೆ.

ಮೊದಲು ಈ ಭಾಗ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದೆ ಆಯ್ಕೆಯ ಮಾತೇ ಅರ್ಥವಾಗುವುದಿಲ್ಲ. ಇಂಜಿನ್ನಿನ ಬೆನ್ನುಮೂಳೆ ಕ್ರ್ಯಾಂಕ್‌ಶಾಫ್ಟ್. ಪಿಸ್ಟನ್ನುಗಳು ಒಂದಾದ ಮೇಲೊಂದು ಅದನ್ನು ತುಳಿದು ತಿರುಗಿಸುತ್ತವೆ. ಎಂಟು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ತುಳಿತ. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 400 ತುಳಿತ. ಕ್ರ್ಯಾಂಕ್ ಎಷ್ಟೇ ಗಟ್ಟಿ ಲೋಹವಾದರೂ ಪ್ರತಿ ತುಳಿತಕ್ಕೂ ಒಂದಿಷ್ಟು ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಮತ್ತೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಈ ತಿರುಚುವ ಲಯ ಕ್ರ್ಯಾಂಕಿನ ಸ್ವಂತ ಲಯಕ್ಕೆ ಸರಿಯಾಗಿ ಕೂಡಿಕೊಂಡಾಗ, ಉಯ್ಯಾಲೆಗೆ ಹದ ನೋಡಿ ತಳ್ಳಿದಂತೆ, ತಿರುಚು ಬೆಳೆಯುತ್ತಾ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉದ್ದನೆಯ ಆರು ಸಿಲಿಂಡರಿನ ಇಂಜಿನ್ನುಗಳು ಬಂದಾಗ ಕ್ರ್ಯಾಂಕುಗಳು ಹೀಗೇ ಮುರಿಯುತ್ತಿದ್ದವು. ಅದಕ್ಕೆ ಮದ್ದು ಕಂಡುಹಿಡಿದವರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಮುಖ್ಯರು.

ಮದ್ದು ಸರಳ. ಕ್ರ್ಯಾಂಕಿನ ಮೂತಿಗೆ ಒಂದು ಗುಬಟು, ಅಂದರೆ ಹಬ್. ಅದರ ಸುತ್ತ ಭಾರವಾದ ಉಕ್ಕಿನ ಉಂಗುರ. ಎರಡರ ನಡುವೆ ರಬ್ಬರಿನ ಪಟ್ಟಿ. ಕ್ರ್ಯಾಂಕ್ ತಟ್ಟನೆ ತಿರುಚಿದಾಗ ಹಬ್ ಅದರ ಜೊತೆ ಹೋಗುತ್ತದೆ, ಭಾರದ ಉಂಗುರ ಮಾತ್ರ 'ನಾ ಬರಲ್ಲ' ಅಂತ ಹಿಂದೆ ಉಳಿಯುತ್ತದೆ. ನಡುವಿನ ರಬ್ಬರು ಹಿಗ್ಗಿ ಕುಗ್ಗಿ ಆ ಕಂಪನವನ್ನು ಬಿಸಿಯಾಗಿ ಕರಗಿಸಿಬಿಡುತ್ತದೆ. ತಿಪಟೂರಿನಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವ ನನ್ನ ಸೋದರಮಾವ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ದೇವಸ್ಥಾನದ ಗಂಟೆ ಹೊಡೆದು ಕೈ ಇಟ್ಟು ನೋಡು. ನಾದ ನಿಂತೋಗುತ್ತಲ್ಲ, ಆ ಕೈ ಕಣೋ ಇದು."

ಇದಕ್ಕೆ ಡ್ಯಾಂಪರ್ ಅನ್ನುವುದೇ ಸರಿಯಾದ ಹೆಸರು. ಹಳೆಯ ಶೆವ್ರೊಲೆಯ 400, 454 ಇಂಜಿನ್ನುಗಳಲ್ಲಿ ಇದರ ಮೇಲೆ ಬೇಕೆಂದೇ ಒಂದು ಕಡೆ ಹೆಚ್ಚು ಭಾರ ಇಟ್ಟು, ಕ್ರ್ಯಾಂಕಿನ ತೂಕ ಸರಿದೂಗಿಸುತ್ತಿದ್ದರು. ಅಲ್ಲಿ ಬ್ಯಾಲೆನ್ಸರ್ ಎಂಬ ಹೆಸರಿಗೆ ಅರ್ಥ ಇತ್ತು. ಎಲ್‌ಎಸ್1 ಕ್ರ್ಯಾಂಕು ತನ್ನೊಳಗೇ ತೂಕ ಸರಿ ಮಾಡಿಕೊಂಡಿರುತ್ತದೆ. ಇಲ್ಲಿ ಈ ಭಾಗದ ಕೆಲಸ ಎರಡೇ: ಕಂಪನ ನುಂಗುವುದು, ಬೆಲ್ಟು ತಿರುಗಿಸುವುದು.

ಎಲ್‌ಎಸ್1 ಮಂದಿಗೆಲ್ಲ ಗೊತ್ತಿರುವ ಕಾಯಿಲೆ ಏನೆಂದರೆ ವಯಸ್ಸಾದಂತೆ ಆ ರಬ್ಬರು ಅಂಟು ಬಿಡುತ್ತದೆ. ಉಂಗುರ ಓಲಾಡಲು ಶುರುವಾಗುತ್ತದೆ. ಬೆಲ್ಟು ಕೀಚಲು ದನಿ ಹೊರಡಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆ ದೀಪವೂ ಬರುವುದಿಲ್ಲ, ಯಾಕಂದ್ರೆ ಈ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಸ್ಥಾನ ನೋಡುವ ಸೆನ್ಸರ್ ಇರುವುದು ಹಿಂದುಗಡೆ. ಮುಂದಿನ ಉಂಗುರ ಜಾರಿದರೂ ಕಂಪ್ಯೂಟರಿಗೆ ಸುದ್ದಿಯೇ ಇಲ್ಲ. ಮಾನಿಟರಿಂಗ್ ಹಾಕದೆ ಪ್ರೊಡಕ್ಷನ್ನಿಗೆ ಬಿಟ್ಟ ಸರ್ವರ್ ಇದ್ದ ಹಾಗೆ.

ನನ್ನ ಕಾರಿನದ್ದು ಪತ್ತೆಯಾದದ್ದು ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ. ಸೆಕೆಂಡಿಗೆ 240 ಚಿತ್ರ. ಇಂಜಿನ್ ಐಡಲ್‌ನಲ್ಲಿ ಸೆಕೆಂಡಿಗೆ ಹತ್ತು ಹನ್ನೊಂದು ಸುತ್ತು ತಿರುಗುತ್ತದೆ, ಹಾಗಾಗಿ ಒಂದು ಸುತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಸಿಗುತ್ತವೆ. ಬರಿಗಣ್ಣಿಗೆ ಮಸುಕಾಗಿ ಕಾಣುತ್ತಿದ್ದದ್ದು ವಿಡಿಯೊದಲ್ಲಿ ಸೈಕಲ್ಲಿನ ಔಟಾದ ರಿಮ್ಮಿನ ಹಾಗೆ ಅತ್ತಿತ್ತ ವಾಲುವುದು ಸ್ಪಷ್ಟವಾಯಿತು. ಅದನ್ನೇ ಮಾವನಿಗೆ ಕಳಿಸಿದೆ. ಅವರಿಗೆ ಕಾರ್ವೆಟ್ ಅಂದರೆ ಏನೂ ಅಲ್ಲ, ಆದರೆ ತಿರುಗುವುದೆಲ್ಲ ಒಂದೇ.

"ಬೆಲ್ಟು ಬಿಚ್ಚಿ ನಾಕು ಸೆಕೆಂಡು ಓಡ್ಸು. ಆಗಲೂ ಆಡಿದ್ರೆ ಇದೇ. ಇಲ್ಲಾಂದ್ರೆ ಟೆನ್ಷನರ್ರೋ ಏನೋ ಬೇರೆ ನೋಡು," ಅಂದರು.

ಬಿಚ್ಚಿ ಓಡಿಸಿದೆ. ಆಡಿತು.

"ಆಯ್ತು. ಈಗ ಹಬ್ಬಿನ ಮೇಲೆ ಡಯಲ್ ಗೇಜ್ ಇಡು. ಹಬ್ ನೆಟ್ಟಗಿದ್ದು ಉಂಗುರ ಮಾತ್ರ ಆಡ್ತಾ ಇದ್ರೆ ರಬ್ಬರು ಹೋಗಿದೆ ಅಂತ. ಹಬ್ಬೇ ಆಡ್ತಾ ಇದ್ರೆ ಕ್ರ್ಯಾಂಕಿಗೇ ಏಟು ಬಿದ್ದಿದೆ, ಹೊಸದು ಹಾಕಿ ಪ್ರಯೋಜನ ಇಲ್ಲ."

ಇದು ಬಹಳ ಜನ ಬಿಟ್ಟುಬಿಡುವ ಪರೀಕ್ಷೆ ಅಂತ ನನ್ನ ಅನಿಸಿಕೆ. ಹೊಸ ಭಾಗ ಆರ್ಡರ್ ಮಾಡುವ ಸಡಗರದಲ್ಲಿ ಹಳೆಯದು ಯಾಕೆ ಹೋಯಿತು ಅಂತ ಕೇಳುವ ತಾಳ್ಮೆ ಇರುವುದಿಲ್ಲ. ನನ್ನ ಕಾರಿನ ಹಬ್ ನೆಟ್ಟಗಿತ್ತು. ರಬ್ಬರಿನದ್ದೇ ಕತೆ.

ಹಾಗೇ ಓಡಿಸಿದರೆ ಏನಾಗುತ್ತೆ? ಸಿ5ರ ಬೆಲ್ಟು ವಾಟರ್ ಪಂಪು, ಆಲ್ಟರ್ನೇಟರು, ಪವರ್ ಸ್ಟೀರಿಂಗ್ ಮೂರನ್ನೂ ತಿರುಗಿಸುತ್ತದೆ. ಉಂಗುರ ಪೂರ್ತಿ ಕಳಚಿ ಬೆಲ್ಟು ಹಾರಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ನಾನು ದಿನಾ ಹೋಗಿಬರುವುದು ಐ-75 ಹೆದ್ದಾರಿಯಲ್ಲಿ, ಎಡಬಲಕ್ಕೆ ಹದಿನೆಂಟು ಗಾಲಿಯ ಲಾರಿಗಳು. ಅಲ್ಲಿ ಸ್ಟೀರಿಂಗ್ ತಟ್ಟನೆ ಕಲ್ಲಾಗುವುದನ್ನು, ಹಿಂದೆಯೇ ಅಲ್ಯೂಮಿನಿಯಂ ಇಂಜಿನ್ ಕಾಯುವುದನ್ನು ನೆನೆಸಿಕೊಳ್ಳಿ. ನನ್ನ ಪಕ್ಕದ ಸೀಟಿನಲ್ಲಿ ಹೆಂಡತಿ ಇರುತ್ತಾಳೆ, ಅವಳಿಗೆ ಈಗ ಐದು ತಿಂಗಳು. ಕಾರನ್ನು ಆವತ್ತಿನಿಂದಲೇ ಶೆಡ್ಡಿನಲ್ಲಿ ನಿಲ್ಲಿಸಿದೆ.

ಇನ್ನು ಖರ್ಚು. ಸಿ5ರಲ್ಲಿ ಈ ಭಾಗಕ್ಕೆ ಸರಿಯಾಗಿ ಅಡ್ಡ ಬರುವುದು ಸ್ಟೀರಿಂಗ್ ರ್‍ಯಾಕ್. ಅದನ್ನು ಸಡಿಲಿಸಿ ಪಕ್ಕಕ್ಕೆ ಸರಿಸದೆ ಬ್ಯಾಲೆನ್ಸರ್ ಹೊರಗೆ ಬರುವುದಿಲ್ಲ. ಹಾಗಾಗಿ ಭಾಗಕ್ಕಿಂತ ಕೂಲಿಯೇ ದುಬಾರಿ. ನಾನು ವಿಚಾರಿಸಿದ ಒಂದು ಗ್ಯಾರೇಜು ಕೂಲಿಗೇ ಸಾವಿರದ ಇನ್ನೂರು ಡಾಲರ್ ಹೇಳಿತು. ಅದೇ ಉಸಿರಿನಲ್ಲಿ ಒಂದು ಸಲಹೆಯನ್ನೂ ಕೊಟ್ಟರು: ಹೇಗೂ ಬಿಚ್ಚುತ್ತೀವಲ್ಲ, ಆ ಭಾರದ ಕಬ್ಬಿಣ ಬಿಟ್ಟು ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿ, ಪುಕ್ಕಟೆ ಹಾರ್ಸ್‌ಪವರ್ ಸಿಗುತ್ತೆ.

ಪುಕ್ಕಟೆ ಅಂದಾಗ ನಮ್ಮೂರ ಸಂತೆಯಲ್ಲೂ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಹಗುರ ಪುಲ್ಲಿ ಹಾಕಿದರೆ ಇಂಜಿನ್ ಸ್ವಲ್ಪ ಚುರುಕಾಗಿ ಸುತ್ತುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದರಲ್ಲಿ ರಬ್ಬರೂ ಇಲ್ಲ, ಭಾರದ ಉಂಗುರವೂ ಇಲ್ಲ. ಗಂಟೆಯ ಮೇಲಿಟ್ಟ ಕೈಯನ್ನೇ ತೆಗೆದ ಹಾಗೆ. ಕಂಪನ ಎಲ್ಲಿ ಹೋಗಬೇಕು? ಬೇರಿಂಗುಗಳಿಗೆ, ಆಯಿಲ್ ಪಂಪಿಗೆ, ಟೈಮಿಂಗ್ ಚೈನಿಗೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಅದೇ ಅಪಾಯ. ಕೆಲವು ಇಂಜಿನ್ನುಗಳಲ್ಲಿ ಕಂಪನಿಯೇ ಡ್ಯಾಂಪರ್ ಇಲ್ಲದ ಪುಲ್ಲಿ ಕೊಟ್ಟಿರುತ್ತದೆ, ಅಲ್ಲಿ ಬದಲಾಯಿಸಿದರೆ ತೊಂದರೆಯಿಲ್ಲ. ಕಂಪನಿ ಡ್ಯಾಂಪರ್ ಇಟ್ಟ ಕಡೆ ತೆಗೆಯುವುದು ಮಾತ್ರ ಕೂಡದು. ಆ ಗ್ಯಾರೇಜಿಗೆ ನಮಸ್ಕಾರ ಹೇಳಿ ಬಂದೆ. ಕೆಲಸವನ್ನು ಗೆಳೆಯನೊಬ್ಬನ ಶೆಡ್ಡಿನಲ್ಲಿ ನಾವೇ ಮಾಡುವುದೆಂದಾಯಿತು. ಅವನು ಮೈಸೂರಿನವನು, ಇಲ್ಲಿ ಗೇರ್‌ಬಾಕ್ಸ್ ಡಿಸೈನ್ ಮಾಡುತ್ತಾನೆ, ಹೈಡ್ರಾಲಿಕ್ ಜ್ಯಾಕುಗಳು ಅವನ ಹತ್ತಿರವೇ ಇವೆ.

ಅಲ್ಲಿಗೆ ಉಳಿದದ್ದು ಮೂರು ದಾರಿ.

ಒಂದು, ಕಂಪನಿಯಿಂದ ಬಂದಂಥದ್ದೇ ರಬ್ಬರಿನ ಬ್ಯಾಲೆನ್ಸರ್. ನಾನು ನೋಡಿದಾಗ ಒಳ್ಳೆಯ ತಯಾರಕರದ್ದು ಇನ್ನೂರು ಡಾಲರಿನ ಆಸುಪಾಸು ಇತ್ತು. ಇದರ ದೊಡ್ಡ ಗುಣ, ರಬ್ಬರಿನ ಬಿಗಿ ಮತ್ತು ಉಂಗುರದ ತೂಕ ಎರಡನ್ನೂ ಇದೇ ಕ್ರ್ಯಾಂಕಿನ ಲಯಕ್ಕೆ ಹೊಂದಿಸಿರುತ್ತಾರೆ, ತಂಬೂರಿ ಶ್ರುತಿ ಮಾಡಿದ ಹಾಗೆ. ಕ್ರ್ಯಾಂಕು, ಪಿಸ್ಟನ್ನು ಬದಲಾಯಿಸಿದರೆ ಶ್ರುತಿ ತಪ್ಪುತ್ತದೆ. ಬದಲಾಯಿಸದವರಿಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ಅವಗುಣ ನಿಮಗೆ ಗೊತ್ತೇ ಇದೆ: ರಬ್ಬರಿಗೆ ವಯಸ್ಸಾಗುತ್ತದೆ.

ಎರಡನೆಯದು ಎಟಿಐ ಕಂಪನಿಯ ಸೂಪರ್ ಡ್ಯಾಂಪರ್. ಅಂಟಿಸಿದ ರಬ್ಬರಿನ ಬದಲು ಇದರಲ್ಲಿ ಉಂಗುರವನ್ನು ಓ-ರಿಂಗುಗಳು ಹಿಡಿದಿರುತ್ತವೆ. ಹಳತಾದರೆ ಬಿಚ್ಚಿ ಹೊಸ ಓ-ರಿಂಗ್ ಹಾಕಿ ಮತ್ತೆ ಜೋಡಿಸಬಹುದು. ರೇಸಿನವರ ಅಚ್ಚುಮೆಚ್ಚು. ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದವರು ಬಹುಪಾಲು ಇಂಥದ್ದಕ್ಕೇ ಹೋಗುತ್ತಾರೆ. ಬೆಲೆ ಮೊದಲನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಮೂರನೆಯದು ಫ್ಲುಯಿಡ್ಯಾಂಪರ್. ಮುಚ್ಚಿದ ಡಬ್ಬಿಯೊಳಗೆ ಜೇನಿಗಿಂತ ಮಂದವಾದ ಸಿಲಿಕೋನ್ ದ್ರವ, ಅದರಲ್ಲಿ ಮುಳುಗಿದ ಉಂಗುರ. ಯಾವುದೋ ಒಂದು ಲಯಕ್ಕೆ ಕಟ್ಟುಬೀಳದೆ ಎಲ್ಲ ವೇಗದಲ್ಲೂ ಕಂಪನ ನುಂಗುತ್ತದೆ. ಕ್ರ್ಯಾಂಕು ಬದಲಾಯಿಸಿ ಇಂಜಿನ್ನನ್ನೇ ಬೇರೆ ಮಾಡಿಕೊಂಡವರಿಗೆ ಇದು ವರ. ಆದರೆ ತೂಕ ಜಾಸ್ತಿ. ಡಬ್ಬಿಗೂ ಉಂಗುರಕ್ಕೂ ನಡುವಿನ ಸಂದು ಬಹಳ ಸಣ್ಣದು, ಎಲ್ಲಾದರೂ ತಗ್ಗು ಬಿದ್ದರೆ ಉಂಗುರ ಒಳಗೇ ಸಿಕ್ಕಿಹಾಕಿಕೊಂಡು ಬರೀ ಕಬ್ಬಿಣದ ಗುಂಡಾಗುತ್ತದೆ. ಸುತ್ತಿಗೆಯವರ ಕೈಗೆ ಕೊಡಬಾರದು.

ಇವುಗಳ ಜೊತೆಗೆ ಕೆಲವು ಉಪಪ್ರಶ್ನೆಗಳು. ಶೇಕಡ 10ರಷ್ಟು ಸಣ್ಣ ವ್ಯಾಸದವೂ ಸಿಗುತ್ತವೆ, ಬೆಲ್ಟಿನ ಸಾಮಾನುಗಳೆಲ್ಲ ನಿಧಾನ ತಿರುಗಿ ಇಂಜಿನ್ನಿಗೆ ಸ್ವಲ್ಪ ಬಿಡುವು. ಮಿಶಿಗನ್ನಿನ ಜನವರಿಯಲ್ಲಿ ಹೀಟರಿನ ಫ್ಯಾನು, ಹೆಡ್‌ಲೈಟು, ಹಿಂದಿನ ಗಾಜಿನ ಹೀಟರು ಎಲ್ಲ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ಆಲ್ಟರ್ನೇಟರ್ ಚೆನ್ನಾಗಿ ತಿರುಗುವುದೇ ಮುಖ್ಯ. ಬೇಡ. ಎಸಿ ಬೆಲ್ಟು ಈ ಕಾರಿನಲ್ಲಿ ಬೇರೆಯೇ ಇದೆ, ಅದಕ್ಕೂ ಬ್ಯಾಲೆನ್ಸರಿನಲ್ಲಿ ಗಾಡಿ ಇರಬೇಕು. ಬರೀ ರೇಸಿಗೆ ಮಾಡಿದ ಕೆಲವದರಲ್ಲಿ ಅದು ಇರುವುದಿಲ್ಲ. ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ: ಎಲ್‌ಎಸ್ ಎಂಬ ಹೆಸರು ನೋಡಿ ಕೊಂಡುಬಿಡುವುದು. ಇದೇ ಕುಟುಂಬದ ಇಂಜಿನ್ ಕಾರ್ವೆಟ್‌ನಲ್ಲಿದೆ, ಕಮಾರೊದಲ್ಲಿದೆ, ಪಿಕಪ್ ಲಾರಿಯಲ್ಲೂ ಇದೆ. ಕ್ರ್ಯಾಂಕಿಗೆ ಮೂರೂ ಕೂರುತ್ತವೆ. ಆದರೆ ಬೆಲ್ಟಿನ ಗಾಡಿ ಮೂರರಲ್ಲೂ ಮೂರು ದೂರದಲ್ಲಿರುತ್ತದೆ. ಕಾರ್ವೆಟ್‌ನದು ಇಂಜಿನ್ನಿಗೆ ತೀರಾ ಹತ್ತಿರ, ಲಾರಿಯದು ತೀರಾ ಮುಂದೆ. ಲಾರಿಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಬೆಲ್ಟು ಸೊಟ್ಟ. ಹಾಗೇ, ಮುಂದಿನ ತಲೆಮಾರಿನ ಝಡ್06ರಲ್ಲಿರುವ ಎಲ್‌ಎಸ್7 ಇಂಜಿನ್ನಿನ ಕ್ರ್ಯಾಂಕ್ ಮೂತಿ ಉದ್ದ, ಅದರ ಬ್ಯಾಲೆನ್ಸರೂ ಬೇರೆ.

ಗೆಳೆಯ ಎಟಿಐ ಪಕ್ಷ. "ಇಷ್ಟೆಲ್ಲಾ ರ್‍ಯಾಕ್ ಬಿಚ್ಚಿ ಗೋಳಾಡಿ ಮತ್ತೆ ರಬ್ಬರಿನದ್ದೇ ಹಾಕ್ತೀಯಾ? ಜೀವನದಲ್ಲಿ ಒಂದೇ ಸಲ ಮಾಡೋ ಕೆಲಸ ಮಾರಾಯ," ಅಂತ ಅವನ ವಾದ. ಸರಿಯಾದ ವಾದವೇ. ಕೂಲಿ ದುಬಾರಿ ಇರುವ ಕಡೆ ಭಾಗದಲ್ಲಿ ಜಿಪುಣತನ ಮಾಡಬಾರದು. ನಾನೂ ಎಟಿಐ ಪುಟವನ್ನು ನಾಲ್ಕು ದಿನ ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದೆ.

ಲೆಕ್ಕ ತಿರುಗಿದ್ದು ಅಡುಗೆಮನೆಯಲ್ಲಿ. ಹೆಂಡತಿ ಚಪಾತಿ ಲಟ್ಟಿಸುತ್ತಾ ಕೇಳಿದಳು, "ಇದು ಎಷ್ಟು ವರ್ಷ ಬಾಳುತ್ತೆ?"

"ಹಳೇದು ಇಪ್ಪತ್ತು ವರ್ಷ ಬಾಳಿತು. ಎಟಿಐ ಆದ್ರೆ ರಿಪೇರಿ ಮಾಡ್ಕೊಂಡು ಎಷ್ಟಾದ್ರೂ."

"ನಾವು ಎಷ್ಟು ವರ್ಷ ಇರ್ತೀವಿ ಇಲ್ಲಿ?"

ಅಮೆರಿಕದಲ್ಲಿರುವ ನಮ್ಮ ವಯಸ್ಸಿನ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಎಚ್-1ಬಿ ವೀಸಾದಲ್ಲಿದ್ದವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ನಮ್ಮ ಟೀಮಿನಲ್ಲಿ ಹೋದ ವರ್ಷ ಇಬ್ಬರು ಆ ಅರವತ್ತು ದಿನ ಎಣಿಸಿದ್ದನ್ನು ನೋಡಿದ್ದೇನೆ. ಗ್ರೀನ್ ಕಾರ್ಡಿನ ಸಾಲು ಎಲ್ಲಿಗೆ ಮುಗಿಯುತ್ತೋ ದೇವರೇ ಬಲ್ಲ. ಎಡಗೈ ಸ್ಟೀರಿಂಗಿನ ಈ ಕಾರನ್ನು ಊರಿಗೆ ಒಯ್ಯುವ ಮಾತಂತೂ ಇಲ್ಲವೇ ಇಲ್ಲ. ಜೂನ್‌ನಲ್ಲಿ ಮಗು ಬರುತ್ತದೆ, ಎರಡು ಸೀಟಿನ ಕಾರಿಗೆ ಆಗ ಮನೆಯಲ್ಲಿ ಏನು ಸ್ಥಾನ ಅಂತ ಹೇಳಲು ಜ್ಯೋತಿಷಿ ಬೇಡ.

ರಾತ್ರಿ ಮಾವನಿಗೆ ಫೋನ್ ಮಾಡಿ ಮೂರನ್ನೂ ವಿವರಿಸಿದೆ. ಅವರು ಕೇಳಿದ್ದು ಒಂದೇ, "ಇಂಜಿನ್ನಿಗೆ ಇನ್ನೇನಾದ್ರೂ ಜೋಡಿಸ್ತೀಯೇನೋ, ಟರ್ಬೊ ಗಿರ್ಬೊ?"

"ಇಲ್ಲ ಮಾವ."

"ಮತ್ತೆ, ಹುಟ್ಟಿದಾಗ ಇದ್ದದ್ದೇ ಸಾಕಲ್ಲೋ ಅದಕ್ಕೆ."

ಹಾಗೆ ಮೊದಲನೆಯದನ್ನೇ ಆರಿಸಿದೆ, ಒಂದೇ ಒಂದು ಬದಲಾವಣೆಯೊಂದಿಗೆ. ರಬ್ಬರಿನ ವಿನ್ಯಾಸದಲ್ಲೇ ಎಸ್‌ಎಫ್‌ಐ 18.1 ಎಂಬ ಮಾನದಂಡ ಪಾಸಾದವು ಸಿಗುತ್ತವೆ. ಡ್ರ್ಯಾಗ್ ರೇಸಿನ ವೇಗದ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿರುವುದು ಬ್ಯಾಲೆನ್ಸರ್ ಸಿಡಿದು ಯಾರಿಗೂ ಅಪಾಯವಾಗದಿರಲಿ ಅಂತ. ನಾನು ರೇಸಿಗೆ ಹೋಗುವುದಿಲ್ಲ, ಆದರೆ ಉಂಗುರ ಕಳಚಿಕೊಳ್ಳಬಾರದು ಅನ್ನುವುದೇ ನನ್ನ ಇಡೀ ತಾಪತ್ರಯ. ಅದಕ್ಕೆ ಹೆಚ್ಚು ಕೊಟ್ಟದ್ದು ಸುಮಾರು ಅರವತ್ತು ಡಾಲರ್. ಎಟಿಐಗೆ ಹೋಗಬೇಕಿದ್ದ ಉಳಿದ ದುಡ್ಡಿನಲ್ಲಿ ಮಗುವಿನ ಕಾರ್ ಸೀಟು ಬಂತು. ಅದು ಕೂರುವುದು ಹೆಂಡತಿಯ ಹೋಂಡಾದಲ್ಲಿ. ಕಾರು ಹತ್ತು ವರ್ಷ ಇಟ್ಟುಕೊಳ್ಳುವ ಖಾತ್ರಿ ಇದ್ದವರು, ಸೂಪರ್‌ಚಾರ್ಜರಿನ ಕನಸಿದ್ದವರು ಗೆಳೆಯನ ಮಾತು ಕೇಳಿ. ಅವನದ್ದು ತಪ್ಪಲ್ಲ.

ಕೂರಿಸುವ ಕೆಲಸದ ಬಗ್ಗೆ ಎರಡು ಮಾತು, ಯಾಕಂದ್ರೆ ಒಳ್ಳೆ ಭಾಗವನ್ನು ಹಾಳು ಮಾಡುವ ಜಾಗ ಇದೇ. ಎಲ್‌ಎಸ್1 ಕ್ರ್ಯಾಂಕಿನ ಮೂತಿಯಲ್ಲಿ ಬ್ಯಾಲೆನ್ಸರ್ ಜಾರದಂತೆ ತಡೆಯುವ ಕೀಲಿ ಇಲ್ಲ. ಬಿಗಿಯಾದ ತೂತು ಮತ್ತು ಒಂದೇ ಒಂದು ಬೋಲ್ಟು, ಇಷ್ಟರ ಮೇಲೆಯೇ ಎಲ್ಲ ನಿಂತಿದೆ. ತೆಗೆಯಲು ಮೂರು ಕಾಲಿನ ಪುಲ್ಲರ್, ಹಾಕಲು ಉದ್ದನೆಯ ತಿರುಪಿನ ಟೂಲ್ ಬೇಕು. ಬೋಲ್ಟು ಬಿಗಿಯುವಾಗ ಇಂಜಿನ್ ತಿರುಗದಿರಲು ಸ್ಟಾರ್ಟರ್ ಬಿಚ್ಚಿ ಆ ಸಂದಿಯಲ್ಲಿ ಫ್ಲೈವೀಲ್ ಲಾಕ್ ಹಾಕಿದೆವು. ಸುತ್ತಿಗೆ ಮುಟ್ಟುವಂತಿಲ್ಲ. ಹೊಡೆದರೆ ಏಟು ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ, ಹೊಸ ರಬ್ಬರಿಗೂ ಒಳ್ಳೆಯದಲ್ಲ. ಅಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲನ್ನೂ ಬದಲಾಯಿಸಿ, ಕೆಲವೇ ಡಾಲರಿನದು.

ಬೋಲ್ಟು ಒಂದು ಸಲ ಬಿಗಿದರೆ ಹಿಗ್ಗುವ ಜಾತಿಯದು, ಮತ್ತೆ ಬಳಸಬಾರದು. ಆದರೂ ಹಳೆಯದನ್ನು ಎಸೆಯಬೇಡಿ. ಕಂಪನಿಯ ಕ್ರಮದಲ್ಲಿ ಮೊದಲು ಹಳೆ ಬೋಲ್ಟನ್ನೇ ಹಾಕಿ 240 ಫುಟ್-ಪೌಂಡ್ ಬಿಗಿದು ಬ್ಯಾಲೆನ್ಸರನ್ನು ತಳಕ್ಕೆ ಕೂರಿಸಬೇಕು. ಮೂರಡಿ ಉದ್ದದ ಕಡ್ಡಿಯ ತುದಿಗೆ ಮೂವತ್ತಾರು ಕಿಲೋ ಜೋತುಹಾಕಿದಷ್ಟು ಬಲ ಅದು. ಆಮೇಲೆ ಅದನ್ನು ತೆಗೆದು, ಕ್ರ್ಯಾಂಕಿನ ಮೂತಿ ಹಬ್ಬಿನ ಬಾಯಿಂದ ಎಷ್ಟು ಒಳಗಿದೆ ಅಂತ ಅಳೆಯಬೇಕು. 2.4ರಿಂದ 4.48 ಮಿಲಿಮೀಟರ್ ಒಳಗಿರಬೇಕು. ನಮ್ಮದು 3.1 ಬಂತು. ಅಳತೆ ಸರಿಯಿದ್ದರೆ ಮಾತ್ರ ಹೊಸ ಬೋಲ್ಟು, 37 ಫುಟ್-ಪೌಂಡ್, ಅಲ್ಲಿಂದ ಮುಂದೆ 140 ಡಿಗ್ರಿ. ಆ 140 ಡಿಗ್ರಿಯಲ್ಲಿ ಬೋಲ್ಟು ಮುಂದೆ ಹೋಗುವುದು ಮುಕ್ಕಾಲು ಮಿಲಿಮೀಟರ್ ಚಿಲ್ಲರೆ. ಅಷ್ಟಕ್ಕೇ ನಾವಿಬ್ಬರೂ ಬೆವರಿದ್ದೆವು, ಹೊರಗೆ ಹಿಮ ಬೀಳುತ್ತಿತ್ತು.

ಕೊನೆಗೆ ಮಾವ ಹೇಳಿಕೊಟ್ಟದ್ದೊಂದನ್ನು ಮಾಡಿದೆ. ಹಬ್, ರಬ್ಬರು, ಉಂಗುರ ಮೂರರ ಮೇಲೂ ಹಾಯುವಂತೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ. ರಬ್ಬರು ಅಂಟು ಬಿಡಲು ಶುರುವಾದರೆ ಉಂಗುರ ಜಾರಿ ಗೆರೆ ಎರಡಾಗುತ್ತದೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ ಸಾಕು. ಹೆಂಡತಿಗೂ ಎಲ್ಲಿ ನೋಡಬೇಕು ಅಂತ ತೋರಿಸಿಕೊಟ್ಟಿದ್ದೇನೆ. ಹಳೆ ಬೋಲ್ಟನ್ನು 'ಕೂರಿಸಲು ಮಾತ್ರ' ಅಂತ ಚೀಟಿ ಅಂಟಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಕಾರು ಮಾರುವ ದಿನ ಬಂದರೆ ಕೀಲಿಯ ಜೊತೆ ಅದೂ ಹೋಗುತ್ತದೆ.